ಮುನಿಸಮ್ಮನ ಸಾಕ್ಷಿ

ಮಂಗಳವಾರ, ಹದಿನಾಲ್ಕನೇ ತಾರೀಕು

ಪುಟ್ಟೀ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಅಮ್ಮನಿಂದ ಇಷ್ಟು ದಪ್ಪ ಲಕೋಟೆ ಬಂತಲ್ಲ ಅಂತ ಗಾಬರಿಯಾಗಬೇಡ. ಕೂತು ಓದು. ಟಿಕೆಟ್ ಹರಿಯುವ ಮಧ್ಯೆ ಓದುವುದು ಬೇಡ, ಬಸ್ಸಿನ ಮೆಟ್ಟಿಲ ಬಳಿ ನಿಂತು ಓದುವುದಂತೂ ಬೇಡವೇ ಬೇಡ. ಆರನೇ ತಿಂಗಳಲ್ಲಿ ಒಂದು ಕೈ ಯಾವಾಗಲೂ ಕಂಬಿಯ ಮೇಲೇ ಇರಬೇಕು. ಬ್ರೇಕ್ ಹಾಕುವ ಮುಂಚೆ ಡ್ರೈವರ್ ಯಾರನ್ನೂ ಕೇಳುವುದಿಲ್ಲ, ಅವನು ನಿನ್ನ ಗಂಡನೇ ಆಗಿದ್ದರೂ.

ಫೋನಿನಲ್ಲೇ ಹೇಳಬಹುದಿತ್ತು ಅಂತೀಯ. ಫೋನಿನಲ್ಲಿ ನೀನು ಮೂರನೇ ಮಾತಿಗೆ "ಅಮ್ಮಾ, ವಿಷಯಕ್ಕೆ ಬಾ" ಅನ್ನುತ್ತೀಯ, ಆಮೇಲೆ ನನಗೆ ವಿಷಯವೇ ಮರೆತುಹೋಗುತ್ತದೆ. ಕಾಗದ ಅಡ್ಡ ಮಾತಾಡುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು, ಹೊಸದು ತಗೋಬೇಕು. ಕಾಗುಣಿತ ತಪ್ಪಿದ್ದರೆ ಮಾತ್ರ ಅದು ನನ್ನದೇ. ಆರನೇ ಕ್ಲಾಸಿನಲ್ಲಿ ಬಿಡಿಸಿದರು, ಎರಡು ವರ್ಷ ಆದ ಮೇಲೆ ಏಳಕ್ಕೆ ಕೂರಿಸಿದರು, ಅರ್ಧ ವರ್ಷಕ್ಕೆ ಮತ್ತೆ ಬಿಡಿಸಿದರು. ನಡುವೆ ಯಾವ ಯಾವ ಪಾಠ ಆಗಿಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆವಾಗೆಲ್ಲ ನನ್ನ ಸೊಂಟದ ಮೇಲೆ ನಿನ್ನ ಸೋದರಮಾವ ಇದ್ದ.

ಮಗುವಿನ ಟೋಪಿ ಎಲ್ಲಿಗೆ ಬಂತು ಅಂತ ಕೇಳಿದ್ದೀಯ. ಅರ್ಧಕ್ಕೆ ನಿಂತಿದೆ. ಹಸಿರು ನೂಲು ಸಾಲಲಿಲ್ಲ, ಅದೇ ಹಸಿರು ಅಂಗಡಿಯಲ್ಲಿ ಸಿಗುತ್ತಿಲ್ಲ. ನೋಡೋಣ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕೆಲಸದಲ್ಲಿ ಒಂದು ತಪ್ಪು ಮಾಡಿದೆ. ಮಾಡಿದ್ದಕ್ಕಿಂತ ಮುಚ್ಚಿಟ್ಟಿದ್ದು ದೊಡ್ಡ ತಪ್ಪಾಯಿತು. ಯಾರ ಹತ್ತಿರವಾದರೂ ಪೂರ್ತಿಯಾಗಿ, ಮೊದಲಿಂದ ಕೊನೆಯವರೆಗೆ ಹೇಳಿಕೊಳ್ಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ ಅನ್ನಿಸಿತು. ನೀನೇ ಸಿಕ್ಕಿದೆ.

ನಿನ್ನ ಅತ್ತೆಗೆ ನಾನು "ಆಫೀಸಿನಲ್ಲಿ" ಇದ್ದೇನೆ ಅಂತ ಹೇಳಿದ್ದೀಯಲ್ಲ, ಅದು ಹಾಗೇ ಇರಲಿ. ನನ್ನ ಆಫೀಸಿನಲ್ಲಿ ನೂರಾ ನಲವತ್ತು ಇಲಿಗಳಿವೆ, ಆರು ಮೊಲಗಳಿವೆ. ಬೆಳಿಗ್ಗೆ ಏಳಕ್ಕೆ ಹೋಗಿ ಕೈ ತೊಳೆದು, ನೀಲಿ ನಿಲುವಂಗಿ ತೊಟ್ಟು, ಚಪ್ಪಲಿಯ ಮೇಲೆ ಬಟ್ಟೆಯ ಚೀಲ ಏರಿಸಿ ಒಳಗೆ ಹೋಗುವುದು. ಡಬ್ಬಿ ಬದಲಾಯಿಸುವುದು, ಮರದ ಪುಡಿ ಹಾಸುವುದು, ನೀರಿನ ಬಾಟಲಿ ತಿರುಗಿಸಿ ನೋಡುವುದು. ಎರಡು ಸಲ ನೋಡಿ ಆಚೆ ಬಂದು, ಸರಿಯಾಗಿ ನೋಡಿದೆನೋ ಇಲ್ಲವೋ ಅಂತ ಮತ್ತೆ ಒಳಗೆ ಹೋಗಿ ಮೂರನೇ ಸಲ ನೋಡುವುದು. ನನ್ನ ಈ ಚಾಳಿ ನಿನಗೆ ಗೊತ್ತಿರುವುದೇ. ಒಂಬತ್ತು ವರ್ಷ ಹೀಗೇ ಆಯಿತು.

ಅಲ್ಲಿ ಟೈಮರ್ ಹುಡುಗಿ ಅಂತ ಒಬ್ಬಳಿದ್ದಾಳೆ. ಓದಿ ಓದಿ ಡಾಕ್ಟರೇಟ್ ಮಾಡುತ್ತಿರುವವಳು, ನಿನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಕೊರಳಲ್ಲಿ ಸರದ ಬದಲು ನಿಮಿಷ ಎಣಿಸುವ ಪುಟ್ಟ ಯಂತ್ರ ನೇತುಹಾಕಿಕೊಂಡಿರುತ್ತಾಳೆ. ಅದು ಕೂಗಿದರೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಓಡುತ್ತಾಳೆ. ನನ್ನನ್ನು ಅಕ್ಕ ಅನ್ನುತ್ತಾಳೆ. ನಾನು ಮೇಡಂ ಅನ್ನುತ್ತೇನೆ, ಬೇಡ ಅಂದರೂ ನನ್ನ ಬಾಯಿಗೆ ಬೇರೆ ಬರುವುದಿಲ್ಲ.

ಅವಳ ಕೆಲಸ ಊತ ಇಳಿಸುವ ಒಂದು ಔಷಧದ್ದು. ಗಾಯವಾದರೆ, ಕೀಲು ಊದಿಕೊಂಡರೆ, ಒಳಗೆ ಎಲ್ಲಾದರೂ ಉರಿ ಹತ್ತಿದರೆ, ರಕ್ತದಲ್ಲಿ ಒಂದು ವಸ್ತು ಹೆಚ್ಚಾಗುತ್ತದಂತೆ. ಅದರ ಹೆಸರು ಐಎಲ್-ಸಿಕ್ಸ್. ನಾವೆಲ್ಲ ಬರೀ ಸಿಕ್ಸ್ ಅನ್ನುತ್ತೇವೆ. "ಇಲ್ಲಿ ಬೆಂಕಿ ಬಿದ್ದಿದೆ, ಬನ್ನಿ" ಅಂತ ಮೈಗೆಲ್ಲ ಕೂಗಿ ಹೇಳುವುದು ಅದೇ ಅಂತೆ. ಕಣ್ಣಿಗೆ ಕಾಣುವುದಿಲ್ಲ. ಒಂದು ತೊಟ್ಟು ರಕ್ತದಲ್ಲಿ ಇದ್ದೂ ಇಲ್ಲದಷ್ಟು. ಅದನ್ನು ಹಿಡಿಯುವುದಕ್ಕೆ ಮೊಲ ಬೇಕು.

ಮೊಲ ಯಾಕೆ ಅಂತ ನಾನೂ ಕೇಳಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಹೇಳಿದಳು. ಇಲಿಯ ಸಿಕ್ಸನ್ನು ಮೊಲಕ್ಕೆ ಚುಚ್ಚುತ್ತಾರೆ. ಮೊಲದ ಮೈಗೆ ಅದು ಗುರುತಿಲ್ಲದ ಮುಖ. ಹಿಡಿಯಿರಿ ಅಂತ ಆಳುಗಳನ್ನು ಬಿಡುತ್ತದೆ. ಆ ಆಳುಗಳೇ ಆಂಟಿಬಾಡಿ. ಎಲ್ಲರೂ ಒಂದೇ ಥರದವರಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಹಿಡಿಯುವವರು. ಅದಕ್ಕೇ ಅದಕ್ಕೆ ಪಾಲಿಕ್ಲೋನಲ್ ಅಂತ ಹೆಸರು. ನನಗೆ ತಕ್ಷಣ ನಿನ್ನ ಬಸ್ಸು ನೆನಪಾಯಿತು. ಅವತ್ತು ಜೇಬುಗಳ್ಳ ಸಿಕ್ಕಿಬಿದ್ದಾಗ ಒಬ್ಬ ಕಾಲರ್ ಹಿಡಿದ, ಒಬ್ಬ ಮಣಿಕಟ್ಟು ಹಿಡಿದ, ಆ ಮುದುಕಮ್ಮ ಅಂಗಿಯ ತುದಿ ಹಿಡಿದು ನೇತಾಡಿದಳು ಅಂತ ಹೇಳಿದ್ದೆಯಲ್ಲ, ಹಾಗೆ. ಅಷ್ಟು ಜನ ಹಿಡಿದರೆ ಅವನು ಎಷ್ಟು ಸಣ್ಣವನಿದ್ದರೂ ತಪ್ಪಿಸಿಕೊಳ್ಳಲಾರ. ಅವಳಿಗೆ ಇದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಸರಿಯಾಗಿ ಹೇಳಿದ್ರಿ ಅಕ್ಕಾ. ಆದ್ರೆ ಆ ನೂಕುನುಗ್ಗಲಲ್ಲಿ ಯಾರೋ ಒಬ್ಬ ಪಕ್ಕದಲ್ಲಿರೋ ಪಾಪದವನ ಕಾಲರ್ ಹಿಡಿದುಬಿಡಬಹುದು, ಅದೇ ನನ್ನ ಭಯ" ಅಂದಳು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕು.

ಆ ಆಳುಗಳನ್ನು ಕೊಟ್ಟ ಮೊಲ ನಮ್ಮ ಎರಡನೇ ನಂಬರು. ನಾನು ಮುನಿಸಮ್ಮ ಅನ್ನುತ್ತೇನೆ. ಚುಚ್ಚಿಸಿಕೊಂಡ ದಿನ ಗೋಡೆಗೆ ಮುಖ ಮಾಡಿ ಕೂತರೆ ಸಂಜೆಯವರೆಗೆ ತಿರುಗುವುದಿಲ್ಲ. ಕ್ಯಾರೆಟ್ಟಿನ ಸೊಪ್ಪು ಮುಂದಿಟ್ಟರೂ ಕಿವಿ ಮಾತ್ರ ಈ ಕಡೆ ತಿರುಗಿಸುತ್ತದೆ. ಅದರ ಕಿವಿಯಿಂದ ರಕ್ತ ತೆಗೆದು, ಹೆಪ್ಪುಗಟ್ಟಿಸಿ, ಮೇಲೆ ನಿಲ್ಲುವ ತಿಳಿಯನ್ನು ಪುಟ್ಟ ಪುಟ್ಟ ಕೊಳವೆಗಳಲ್ಲಿ ತುಂಬಿ ಮಂಜುಪೆಟ್ಟಿಗೆಯಲ್ಲಿ ಇಡುತ್ತಾರೆ. ಬೇರೆ ಮೊಲದ ತಿಳಿ ಇದರ ಹಾಗೆ ಇರುವುದಿಲ್ಲ. ಒಂದೊಂದು ಮೊಲದ ಆಳುಗಳು ಒಂದೊಂದು ಥರ. ಒಂದೂವರೆ ವರ್ಷ ಚುಚ್ಚಿ, ಕಾದು, ಪರೀಕ್ಷೆ ಮಾಡಿ ಅವಳು ಅದನ್ನು ತಯಾರು ಮಾಡಿಕೊಂಡಿದ್ದಳು.

ಪರೀಕ್ಷೆಯ ತಟ್ಟೆಯಲ್ಲಿ ತೊಂಬತ್ತಾರು ಪುಟ್ಟ ಗುಳಿಗಳಿರುತ್ತವೆ. ಒಂದೊಂದು ಗುಳಿಗೆ ಒಂದೊಂದು ಇಲಿಯ ರಕ್ತದ ತಿಳಿ, ಆಮೇಲೆ ಮುನಿಸಮ್ಮನ ಆಳುಗಳು, ಆಮೇಲೆ ಬಣ್ಣ ಬರಿಸುವ ನೀರು. ಸಿಕ್ಸ್ ಇದ್ದರೆ ಹಳದಿ, ಹೆಚ್ಚಿದ್ದರೆ ಗಾಢ ಹಳದಿ, ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ. ನೋಡುವುದಕ್ಕೆ ಚಂದ. ನನ್ನನ್ನು ಕರೆದು ತೋರಿಸುತ್ತಿದ್ದಳು.

ಈಗ ನನ್ನ ಪಾಡು ಕೇಳು.

ಹೋದ ತಿಂಗಳು ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಅವಳ ಉಪ್ಪುನೀರಿನ ಗುಂಪಿನ ಎರಡು ಡಬ್ಬಿ, ಒಂದೊಂದರಲ್ಲಿ ನಾಲ್ಕು ಗಂಡು ಇಲಿ. ಉಪ್ಪುನೀರಿನ ಗುಂಪು ಅಂದರೆ ಊತ ಬರಿಸುವ ಮದ್ದು ಚುಚ್ಚದೆ ಬರೀ ಉಪ್ಪುನೀರು ಚುಚ್ಚುವವು. ಅವಕ್ಕೆ ಏನೂ ಆಗಬಾರದು. ಅವುಗಳ ಗುಳಿ ನೀರಿನ ಹಾಗಿದ್ದರೆ ಮಾತ್ರ ಮಿಕ್ಕವುಗಳ ಹಳದಿಗೆ ಬೆಲೆ. ನಾನು ಎರಡು ಡಬ್ಬಿಯನ್ನೂ ಒಟ್ಟಿಗೆ ಎತ್ತಿಕೊಂಡು ಮೇಜಿನ ಕಡೆ ತಿರುಗಿದೆ. ನೆಲ ಒದ್ದೆ ಇತ್ತು, ಕಾಲು ಜಾರಿತು, ಡಬ್ಬಿ ಕೆಳಗೆ ಬಿತ್ತು. ಮುಚ್ಚಳ ಎರಡೂ ಹಾರಿಹೋದವು. ಎಂಟು ಕರಿ ಇಲಿಗಳು ನೆಲದ ಮೇಲೆ.

ಬಾಗಿಲು ಮುಚ್ಚಿತ್ತು, ಪುಣ್ಯ. ಎಲ್ಲವನ್ನೂ ಹಿಡಿದೆ. ಎಂಟೂ ಸಿಕ್ಕಿದವು, ಒಂಬತ್ತು ಸಲ ಎಣಿಸಿದೆ. ಆದರೆ ಯಾವುದು ಯಾವ ಡಬ್ಬಿಯದು? ಎಲ್ಲವೂ ಕರಿ, ಎಲ್ಲವೂ ಒಂದೇ ಗಾತ್ರ. ಕಿವಿಯಲ್ಲಿ ಗುರುತಿನ ತೂತುಗಳಿರುತ್ತವೆ, ಎಡಕ್ಕೆ ಒಂದು, ಬಲಕ್ಕೆ ಎರಡು, ಹೀಗೆ. ಭೂತಗನ್ನಡಿ ಇಟ್ಟು ನೋಡಬೇಕು. ನೋಡಿ, ಕೆಂಪು ರಿಜಿಸ್ಟರಿನಲ್ಲಿ ಬರೆದು, ಪ್ರಾಣಿ ಡಾಕ್ಟರನ್ನು ಕರೆಯಬೇಕು. ಅದು ನಿಯಮ. ನಾನು ಕೈಗೆ ಬಂದ ನಾಲ್ಕನ್ನು ಒಂದರಲ್ಲಿ, ಮಿಕ್ಕ ನಾಲ್ಕನ್ನು ಇನ್ನೊಂದರಲ್ಲಿ ಹಾಕಿ ಮುಚ್ಚಿಬಿಟ್ಟೆ.

ಯಾಕೆ ಅಂದರೆ, ಹೋದ ವರ್ಷ ನನಗೆ ಒಂದು ಮೆಮೋ ಕೊಟ್ಟಿದ್ದರು. ನಿನಗೆ ಹೇಳಿರಲಿಲ್ಲ. ಒಂದು ಮುಚ್ಚಳದ ಕೊಂಡಿ ಸರಿಯಾಗಿ ಕೂತಿರಲಿಲ್ಲ, ಇಲಿಯೊಂದು ಓಡಿಹೋಗಿ ಲೆಕ್ಕಪತ್ರದ ಹೆಂಗಸಿನ ಕಾಲ ಬಳಿ ನಿಂತು ಮೀಸೆ ಒರೆಸಿಕೊಂಡಿತು. ಅವರು ಮೇಜು ಹತ್ತಿದವರು ಇಳಿಯಲಿಲ್ಲ, ಫೈಲುಗಳನ್ನೆಲ್ಲ ಮೇಲಕ್ಕೇ ತಂದುಕೊಡಿ ಅಂದರು. ಎಲ್ಲರೂ ನಕ್ಕರು, ಮೆಮೋ ಮಾತ್ರ ಬಂತು. ಇನ್ನೊಂದು ಬಂದರೆ ಮನೆಗೆ ಅಂತ ಅದರಲ್ಲೇ ಬರೆದಿತ್ತು.

ಗಂಡು ಇಲಿಗಳು ಗುರುತಿಲ್ಲದವರ ಜೊತೆ ಬಾಳುವುದಿಲ್ಲ, ಪುಟ್ಟಿ. ಒಂದೇ ಬಸಿರಲ್ಲಿ ಹುಟ್ಟಿದವು ಒಟ್ಟಿಗಿದ್ದರೆ ಸರಿ. ಹೊಸಬ ಬಂದರೆ ಹೊಡೆದಾಟ. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ ಕಚ್ಚುತ್ತವೆ. ಮಾರನೇ ದಿನ ಮಧ್ಯಾಹ್ನ ನೋಡಿದರೆ ಆರು ಇಲಿಗೆ ಗಾಯ. ಎರಡು ಮಾತ್ರ ಮೈ ನೆಕ್ಕಿಕೊಂಡು ಹಾಯಾಗಿ ಕೂತಿದ್ದವು, ಕಚ್ಚಿದವು ಅವೇ ಅಂತ ಕೇಳದೆಯೇ ಗೊತ್ತಾಯಿತು. ಆಗ ಭೂತಗನ್ನಡಿ ಹಿಡಿದು ಕಿವಿ ನೋಡಿ ಅವುಗಳನ್ನು ಅವವುಗಳ ಡಬ್ಬಿಗೆ ಸೇರಿಸಿದೆ. ಕರಿ ಕೂದಲ ಕೆಳಗೆ ಗಾಯ ಕಾಣುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಆದರೆ ನನ್ನ ಸ್ವಂತದ ಒಂದು ಪುಸ್ತಕ ಇದೆಯಲ್ಲ, ನಿನ್ನ ಹಳೇ ಗಣಿತದ ನೋಟ್ ಬುಕ್ಕಿನ ಖಾಲಿ ಹಾಳೆಗಳು, ಅದರಲ್ಲಿ ಬರೆದೆ. ಎಡ ಒಂದು, ಐದು ಕಡಿತ. ಎಡ ಎರಡು, ಮೂರು ಕಡಿತ. ಬಲ ಒಂದು, ಕಡಿತ ಇಲ್ಲ. ಹೀಗೆ ಎಂಟಕ್ಕೂ. ಬರೆದಿಡದಿದ್ದರೆ ರಾತ್ರಿಯೆಲ್ಲ ತಲೆಯಲ್ಲಿ ಅದೇ ಎಣಿಸುತ್ತಿರುತ್ತೇನೆ.

ಬುಧವಾರ ಅವಳು ಉಪ್ಪುನೀರು ಚುಚ್ಚಿದಳು, ಗುರುವಾರ ಕೆನ್ನೆಯ ಹತ್ತಿರದಿಂದ ಒಂದೆರಡು ತೊಟ್ಟು ರಕ್ತ ತೆಗೆದಳು. ಬಾಲದ ಕಡೆ ನೋಡುವ ಕೆಲಸವೇ ಬೀಳಲಿಲ್ಲ. ನಾನು ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. "ಏನ್ ಅಕ್ಕಾ, ಇವತ್ತು ಮಾತೇ ಇಲ್ಲ" ಅಂದಳು. ಹಲ್ಲುನೋವು ಅಂದೆ.

ಮುಂದಿನ ವಾರ ತಟ್ಟೆ ಮಾಡಿದಳು. ನೀರಿನ ಹಾಗಿರಬೇಕಾದ ಗುಳಿಗಳು ಹಳದಿ. ಒಂದಂತೂ ಊತದ ಗುಂಪಿನಷ್ಟೇ ಗಾಢ. ಏನೋ ಕೈತಪ್ಪಾಗಿದೆ ಅಂತ ಎರಡನೇ ಸಲ ಮಾಡಿದಳು, ಮೂರನೇ ಸಲ ಮಾಡಿದಳು. ಮೂರು ಸಲವೂ ಅದೇ. ಟೈಮರ್ ಕೂಗಿದರೆ ಓಡುವುದನ್ನೇ ಬಿಟ್ಟಳು, ನಿಧಾನವಾಗಿ ಎದ್ದು ಹೋಗುತ್ತಿದ್ದಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದಳು.

ಹೋದ ವಾರ ಸೋಮವಾರ ದೊಡ್ಡವರು ತೀರ್ಮಾನ ಹೇಳಿದರು. ದೊಡ್ಡವರು ಅಂದರೆ ಅವಳ ಗುರುಗಳು, ಇಡೀ ವಿಭಾಗಕ್ಕೆ ಅವರೇ. ಒಳ್ಳೆಯವರೇ, ಆದರೆ ಒಂದು ಮಾತನ್ನು ಎರಡು ಸಲ ಹೇಳುವವರಲ್ಲ. ನಾನು ಅವರ ಕೋಣೆಯ ಹೊರಗೆ ಮೊಲದ ಮೇವಿನ ಚೀಟಿಗೆ ಸಹಿ ಮಾಡಿಸಲು ನಿಂತಿದ್ದೆ, ಎಲ್ಲ ಕೇಳಿಸಿತು. ಈ ಮೊಲದ ಆಂಟಿಬಾಡಿ ಏನೇನನ್ನೋ ಹಿಡಿಯುತ್ತಿದೆ, ಪಕ್ಕದವರ ಕಾಲರ್ ಹಿಡಿಯುತ್ತಿದೆ ಅಂತಲೇ ಅರ್ಥ. ಇದ್ದಷ್ಟು ತಿಳಿ ಎಸೆದುಬಿಡಿ. ಶುಕ್ರವಾರ ಎರಡನೇ ನಂಬರಿಗೆ ಕೊನೆಯ ಇಂಜೆಕ್ಷನ್ ಕೊಟ್ಟು ಮುಗಿಸಿ. ಹೊಸ ಮೊಲದಿಂದ ಶುರು ಮಾಡಿ. ಅವಳು ಕೇಳಿದಳು, "ಸರ್, ನನಗೆ ಉಳಿದಿರೋದೇ ಐದು ತಿಂಗಳು." ಅದಕ್ಕೆ ಅವರು, ಗೊತ್ತಮ್ಮ, ಆದರೆ ಸುಳ್ಳು ಹೇಳುವ ಆಂಟಿಬಾಡಿ ಇಟ್ಟುಕೊಂಡು ಏನು ಮಾಡುತ್ತೀಯ ಅಂದರು.

ಸುಳ್ಳು ಹೇಳುತ್ತಿದ್ದವರು ಯಾರು ಅಂತ ಬಾಗಿಲ ಹೊರಗೆ ಚೀಟಿ ಹಿಡಿದು ನಿಂತವಳಿಗೆ ಗೊತ್ತಿತ್ತು.

ಹಬೆಯಣ್ಣನ ಹತ್ತಿರ ಮಾತ್ರ ಬಾಯಿ ಬಿಟ್ಟೆ. ಡಬ್ಬಿಗಳನ್ನು ಹಬೆಯಲ್ಲಿ ಬೇಯಿಸಿ ತೊಳೆಯುವವರು, ನೆಲ ಒರೆಸುವವರೂ ಅವರೇ. ನನಗಿಂತ ಮೊದಲಿಂದ ಇದ್ದಾರೆ. "ಬಾಯಿ ಮುಚ್ಕೊಂಡಿರು ತಾಯಿ. ಇಲಿ ಏನು ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾ?" ಅಂದರು. ಸ್ವಲ್ಪ ಹೊತ್ತು ಡಬ್ಬಿ ಉಜ್ಜಿ, "ಆ ಹುಡುಗಿ ಮೊನ್ನೆ ನನ್ನ ಹತ್ರ ಬಂದು, ಡಬ್ಬಿ ತೊಳೆಯೋ ಸೋಪು ಬದಲಾಯ್ತಾ ಅಂತ ಕೇಳಿದ್ಳು. ಪಾಪ, ಸೋಪಿನ ಮೇಲೂ ಅನುಮಾನ ಅವಳಿಗೆ" ಅಂದರು. ಬಾಯಿ ಮುಚ್ಚು ಅಂದ ಮೇಲೆ ಈ ಮಾತು ಯಾಕೆ ಹೇಳಬೇಕಿತ್ತು ಹೇಳು.

ಬುಧವಾರ ಬೆಳಿಗ್ಗೆ ಹೋದೆ. ಅವಳು ಮಂಜುಪೆಟ್ಟಿಗೆಯಿಂದ ಕೊಳವೆಗಳ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು, ಕಪ್ಪು ಪೆನ್ನಿನಲ್ಲಿ ಒಂದೊಂದರ ಮೇಲೂ ಅಡ್ಡಗೆರೆ ಎಳೆಯುತ್ತಿದ್ದಳು. ನಾಲ್ಕಕ್ಕೆ ಎಳೆದಾಗಿತ್ತು. ನಾನು ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದೆಲ್ಲ ಮರೆತುಹೋಗಿ, "ಮೇಡಂ, ಗೆರೆ ಎಳೀಬೇಡಿ, ಅವು ಕಚ್ಚಾಡಿದ್ದವು" ಅಂದೆ.

"ಯಾವುವು?" ಅಂದಳು.

ಹೇಳಿದೆ. ಡಬ್ಬಿ ಬಿದ್ದಿದ್ದು, ಬೆರಕೆಯಾಗಿದ್ದು, ಗಾಯ, ಕಿವಿ ನೋಡಿ ವಾಪಸ್ ಹಾಕಿದ್ದು. ಅವಳು ಪೆನ್ನಿನ ಮುಚ್ಚಳ ಹಾಕಿ ಕೇಳುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಯಾವ ವಾರ ಅಂದಳು, ಎಷ್ಟು ಇಲಿ ಅಂದಳು. ಆಮೇಲೆ, "ಇಷ್ಟು ದಿನ ನನ್ನ ಮುಖ ನೋಡ್ಕೊಂಡೇ ಓಡಾಡಿದ್ರಲ್ಲ ಅಕ್ಕಾ. ಹಲ್ಲುನೋವು ಅಂದ್ರಿ, ಲವಂಗ ತಂದುಕೊಟ್ಟೆ" ಅಂದಳು. ಲವಂಗ ಇನ್ನೂ ನಿಲುವಂಗಿಯ ಜೇಬಿನಲ್ಲೇ ಇತ್ತು.

ನಾನು ನೋಟ್ ಬುಕ್ ತೆಗೆದು ಮುಂದಿಟ್ಟೆ. ನಿನ್ನ ಗುಣಾಕಾರದ ಲೆಕ್ಕಗಳ ಹಿಂದಿನ ಪುಟ. ಅವಳು ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಕಂಪ್ಯೂಟರಿನ ಮೇಲೆ ಇಟ್ಟು ನೋಡಲು ಶುರು ಮಾಡಿದಳು. ಐದು ಕಡಿತದ ಇಲಿ ಎಲ್ಲಕ್ಕಿಂತ ಗಾಢ. ಆಮೇಲೆ ನಾಲ್ಕು ಕಡಿತದ್ದು. ಮೂರರದು ಅದಕ್ಕಿಂತ ತೆಳು. ಒಂದೊಂದೇ ಕಡಿತದವು ಸುಮ್ಮನೆ ಹಳದಿ ಅನ್ನಿಸುವಷ್ಟು. ಕಡಿತವೇ ಇಲ್ಲದ ಎರಡು ಗುಳಿ ನೀರಿನ ಹಾಗೆ. ಆ ಎರಡೇ ಯಾಕೆ ನೀರಾಗಿ ಉಳಿದವು ಅಂತ ಅವಳು ತಲೆ ಕೆಡಿಸಿಕೊಂಡಿದ್ದಳಂತೆ. ಕಚ್ಚಿದವು ಅವು ಅಂದೆ. ಅವಳು ಬೆರಳಿಟ್ಟು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿ, ಕೊನೆಗೆ, "ಅಕ್ಕಾ, ನಮ್ಮ ಮೊಲ ನಿಮ್ಮ ಎಂಟು ಇಲಿ ವಿಷಯಾನ ನಿಮಗಿಂತ ಸರಿಯಾಗಿ ಹೇಳ್ತಿತ್ತು, ಕೇಳೋಕೆ ನಮಗೆ ಬರಲಿಲ್ಲ" ಅಂದಳು. ನಗಲಿಲ್ಲ. ಆದರೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಟೈಮರನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.

ನೋಟ್ ಬುಕ್ಕಿನ ಮಾತು ಒಂದೇ ದೊಡ್ಡವರಿಗೆ ಸಾಲುವುದಿಲ್ಲ ಅಂತ ಗುರುವಾರ ಪೂರ್ತಿ ಎರಡು ಪರೀಕ್ಷೆ ಮಾಡಿದಳು. ಒಂದು, ಯಾರೂ ಮುಟ್ಟದ, ಹುಟ್ಟಿದ ಡಬ್ಬಿಯಲ್ಲೇ ಇರುವ ಆರು ಇಲಿಗಳ ರಕ್ತ ತೆಗೆದು ನೋಡಿದಳು. ಆರೂ ನೀರು. ಇನ್ನೊಂದು, ಮುನಿಸಮ್ಮನ ಆಳುಗಳ ಕೈಗೆ ಮೊದಲೇ ಶುದ್ಧವಾದ ಸಿಕ್ಸ್ ಕೊಟ್ಟು ಕೈ ತುಂಬಿಸಿ, ಆಮೇಲೆ ಆ ಹಳದಿ ಗುಳಿಗಳ ತಿಳಿಗೆ ಬಿಟ್ಟಳು. ಆಳುಗಳು ಪಕ್ಕದವರ ಕಾಲರ್ ಹಿಡಿಯುವವರೇ ಆಗಿದ್ದರೆ ಆಗಲೂ ಹಳದಿ ಬರಬೇಕಿತ್ತು. ಬರಲಿಲ್ಲ. ಅವರು ಹಿಡಿಯುವುದು ಕಳ್ಳನನ್ನು ಮಾತ್ರ.

ಶುಕ್ರವಾರ ಹತ್ತು ಗಂಟೆಗೆ ದೊಡ್ಡವರ ಕೋಣೆ. ನನ್ನನ್ನೂ ಕರೆದರು. ಕುರ್ಚಿ ತೋರಿಸಿದರು, ಕೂರಲಿಲ್ಲ. ತಟ್ಟೆಯ ಚಿತ್ರ ನೋಡಿದರು, ನೋಟ್ ಬುಕ್ ನೋಡಿದರು. ಪಕ್ಕದ ಲೆಕ್ಕದ ಪುಟದಲ್ಲಿ ನಿನ್ನ ಮೇಷ್ಟ್ರು ಕೆಂಪು ಶಾಯಿಯಲ್ಲಿ "ಅಂದವಾಗಿ ಬರೆ" ಅಂತ ಬರೆದಿದ್ದಾರಲ್ಲ, ಅದನ್ನೂ ಓದಿದರು. ಮೊಲ ಇರಲಿ ಅಂದರು. ಅಡ್ಡಗೆರೆ ಎಳೆದ ನಾಲ್ಕು ಕೊಳವೆಯನ್ನೂ ವಾಪಸ್ ಮಂಜಿಗೆ ಇಡಿ ಅಂದರು. ಆ ಎಂಟು ಇಲಿಗಳ ಲೆಕ್ಕ ಕೈಬಿಟ್ಟು ಹೊಸ ಎಂಟರಿಂದ ಉಪ್ಪುನೀರಿನ ಗುಂಪು ಮತ್ತೆ ಮಾಡಬೇಕು, ಮೂರು ವಾರ ಹಿಡಿಯುತ್ತದೆ. ಅವಳಿಗೆ ಐದು ತಿಂಗಳಲ್ಲಿ ಮೂರು ವಾರ ಹೋಯಿತು, ಉಳಿದದ್ದು ಉಳಿಯಿತು.

ಆಮೇಲೆ ನನ್ನ ಕಡೆ ತಿರುಗಿ, "ಬೀಳಿಸಿದ್ದು ಹೇಗೆ?" ಅಂತ ಕೇಳಿದರು. ನೆಲ ಒದ್ದೆ ಇತ್ತು ಸರ್ ಅಂದೆ. "ಯಾರು ನೆಲ ಒರೆಸೋದು?" ಅಂದರು. ಅವರು ಕೇಳಿದ ಮೇಲೆ ಹೇಳಬೇಕಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡರು. ನಿಮ್ಮ ವಿಷಯ ಮುಂದಿನ ವಾರ ನೋಡೋಣ ಅಂದರು.

ಮಧ್ಯಾಹ್ನ ಹಬೆಯಣ್ಣನನ್ನು ಕರೆದು ಕೇಳಿದ್ದಾರೆ. ಅವರು ಬಂದು ನನ್ನ ಪಕ್ಕದಲ್ಲಿ ಮಣೆ ಎಳೆದು ಕೂತರು. "ಇಷ್ಟು ವರ್ಷ ಬಟ್ಟೆ ಹಿಂಡಿ ಹಿಂಡಿ ಒರೆಸಿದ ನೆಲ. ಹನಿ ಬಿಟ್ಟಿದ್ದು ಜ್ಞಾಪಕ ಇಲ್ಲ. ಬಿಟ್ಟಿರ್ಬಹುದು, ವಯಸ್ಸಾಯ್ತು, ಕಣ್ಣು ಮಂಜು" ಅಂದರು. ನನ್ನ ಮೇಲೆ ಕೋಪವೇ ಇಲ್ಲ. ಶನಿವಾರದಿಂದ ಒರೆಸಿದ ಮೇಲೆ ಬಗ್ಗಿ ಅಂಗೈ ಇಟ್ಟು ಮುಟ್ಟಿ ನೋಡುತ್ತಿದ್ದಾರೆ, ಒಣಗಿದೆಯೋ ಇಲ್ಲವೋ ಅಂತ.

ಇಷ್ಟು ವಿಷಯ. ಮುನಿಸಮ್ಮ ಸೊಪ್ಪು ತಿನ್ನುತ್ತಿದೆ. ನೀನು ಹೊತ್ತಿಗೆ ಸರಿಯಾಗಿ ತಿನ್ನು, ನಿಂತುಕೊಂಡೇ ನೀರು ಕುಡಿಯಬೇಡ, ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಬೇಡ, ಕುಲುಕುತ್ತದೆ. ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು. ಬ್ರೇಕಿನ ಮಾತು ಹೇಳಬೇಡ.

ಇಂತಿ,
ಒಂದು ಸಲ ಬರೆದು ಮೂರು ಸಲ ಓದಿ ನೋಡಿದ
ನಿನ್ನ ಅಮ್ಮ

ತಾ.ಕ. ಇವತ್ತು ಗುರುವಾರ. ಲಕೋಟೆಗೆ ಅಂಟು ಹಚ್ಚಿ ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ, ಅಂಚೆ ಡಬ್ಬಿಗೆ ಹಾಕಲಾಗಲಿಲ್ಲ. ಈಗ ಹರಿದು ಮತ್ತೆ ತೆರೆದಿದ್ದೇನೆ.

ನೆಲ ಒದ್ದೆ ಇರಲಿಲ್ಲ, ಪುಟ್ಟಿ. ಕಾಲೂ ಜಾರಲಿಲ್ಲ. ಬೆಳಿಗ್ಗೆ ಹೊತ್ತು ನನ್ನ ಬೆರಳು ಮಡಚುವುದಿಲ್ಲ. ಹತ್ತು ಗಂಟೆಯವರೆಗೆ ಮರದ ಹಾಗೆ ಇರುತ್ತವೆ, ಗೆಣ್ಣುಗಳು ಊದಿಕೊಂಡು ಬಿಸಿಯಾಗಿರುತ್ತವೆ. ಒಂದು ವರ್ಷದ ಮೇಲಾಯಿತು. ಹೋದ ವರ್ಷದ ಕೊಂಡಿಯೂ ಅದರಿಂದಲೇ ಕೂರಲಿಲ್ಲ. ಅವತ್ತು ಎರಡು ಡಬ್ಬಿ ಹಿಡಿದ ಕೈ ತಾನಾಗಿಯೇ ಬಿಟ್ಟುಕೊಂಡಿತು. ನೀನು ಹೋದ ಸಲ ಬಂದಾಗ ಅಡುಗೆಮನೆಯ ಡಬ್ಬಿಗಳ ಮುಚ್ಚಳವನ್ನೆಲ್ಲ ನಿನ್ನ ಕೈಲೇ ತೆಗೆಸಿದೆ, ಎಣ್ಣೆ ಕೈ ಅಂದೆ. ಎಣ್ಣೆ ಇರಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಬಾ ಅಂತೀಯ, ಈ ಹೊತ್ತಿನಲ್ಲಿ ನಿನಗೆ ಅದೊಂದು ಚಿಂತೆ, ಅಂತ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಹಬೆಯಣ್ಣ ಮತ್ತೆ ಬಗ್ಗಿ ನೆಲ ಮುಟ್ಟಿ ನೋಡುವುದನ್ನು ಕಂಡೆ. ಮೊದಲು ಅವರಿಗೆ ಹೇಳಿದೆ. "ಅಂದ್ರೆ ನನ್ನ ಕಣ್ಣು ಸರಿಯಾಗಿದೆ ಅನ್ನು" ಅಂದರು, ಬಟ್ಟೆ ಹಿಂಡಿ ಗೂಟಕ್ಕೆ ಹಾಕಿದರು. ಆಮೇಲೆ ದೊಡ್ಡವರಿಗೆ ಹೇಳಿದೆ. ಅವರು ಆ ಚೀಟಿ ಹುಡುಕಿ ಹರಿದುಹಾಕಿದರು. ಟೈಮರ್ ಹುಡುಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು. ರಕ್ತ ತೆಗೆದಿದ್ದಾರೆ. ಈ ಗೆಣ್ಣುಗಳಲ್ಲಿ ಕೂಗುತ್ತಿರುವುದೂ ಸಿಕ್ಸೇ ಇರಬಹುದು ಅಂತ ಹೇಳಿದಳು. ಹಾಗಾದರೆ ಮುನಿಸಮ್ಮನ ಆಳುಗಳನ್ನು ಬಿಡಿ ಅಂದೆ. "ಅದು ಇಲೀದು ಮಾತ್ರ ಹಿಡಿಯುತ್ತೆ ಅಕ್ಕಾ. ನಿಮ್ಮದು ನೀವೇ ಹೇಳ್ಬೇಕಿತ್ತು" ಅಂದಳು. ಕೆಲಸದ ಮಾತು ರಿಪೋರ್ಟ್ ಬಂದ ಮೇಲೆ.

ಶುಕ್ರವಾರ ರಾತ್ರಿ ಶುರು ಮಾಡಿದ ಕಾಗದ ಮಂಗಳವಾರ ಮುಗಿಯಿತು, ಐದು ದಿನ ಹಿಡಿಯಿತು. ಪೆನ್ನು ಹೊಸದೇ. ನೂಲೂ ಬೇಕಾದಷ್ಟಿದೆ, ಎರಡು ಉಂಡೆ. ಅರ್ಧ ಟೋಪಿಯನ್ನೂ ಉಂಡೆಗಳನ್ನೂ ಹೆಣಿಗೆ ಕಡ್ಡಿಗಳನ್ನೂ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಕೊನೆಯ ಮೂರು ಸಾಲು ಸಡಿಲವಾಗಿವೆ. ಅಷ್ಟನ್ನು ಬಿಚ್ಚಿ, ಅಲ್ಲಿಂದ ಮುಂದಕ್ಕೆ ನೀನು ಹಾಕು.